ಮೂರು ನಿಂತವು, ಮೂರು ಮಲಗಿದವು

ಕಂತು ಏಳು

“ನೂರಾ ಎಂಟು,” ಎಂದರು ಲೆಕ್ಚರರ್ ಸುಶೀಲವ್ವ. “ಕಣ್ಣು ಆಚೀಚೆ ಮಾಡಬ್ಯಾಡ್ರಿ ಹವಾಲ್ದಾರ್ರ.”

ನಾನು ಮಾಡಲಿಲ್ಲ. ಹಾವೇರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಶನಿವಾರ ಮಧ್ಯಾಹ್ನ ನಾವಿಬ್ಬರೇ. ಬರ್ನರಿನ ಮೇಲೆ ಗಾಜಿನ ಪಾತ್ರೆ, ಪಾತ್ರೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಉದ್ದನೆಯ ಥರ್ಮಾಮೀಟರು. ಅದಕ್ಕೆ ರಬ್ಬರಿನ ಉಂಗುರದಿಂದ ಕಟ್ಟಿದ ಎರಡು ಗಾಜಿನ ನಳಿಗೆಗಳು, ಪೊರಕೆ ಕಡ್ಡಿಯಷ್ಟು ಸಪೂರ.

ಎಡಗಡೆಯ ನಳಿಗೆಯ ತಳದಲ್ಲಿದ್ದದ್ದು ಭರಮಣ್ಣ ಸಾಯುವ ಮೊದಲು ಉಂಡ ಕೆಂಪು ಮೆಣಸಿನಕಾಯಿಯ ಚಟ್ನಿಯಿಂದ, ನಮ್ಮ ಕಡೆಯ ರಂಜಕದಿಂದ, ಬೇರ್ಪಡಿಸಿದ ಬಿಳಿ ಹರಳು. ಬಲಗಡೆಯದರಲ್ಲಿದ್ದದ್ದು ಮಕ್ತುಮಸಾಬನ ಗೋದಾಮಿನ ಬಿ.ಎಚ್.ಸಿ. ಪುಡಿಯಿಂದ ತೆಗೆದದ್ದು. ಹೊಲದ ಹುಳ ಕೊಲ್ಲಲು ರೈತರು ಒಯ್ಯುವ ಅದೇ ಪುಡಿ. ನೋಡಲಿಕ್ಕೆ ಎರಡೂ ಕುಟ್ಟಿದ ಸಕ್ಕರೆಯ ಹಾಗೆಯೇ ಇದ್ದವು.

“ನೂರಾ ಹನ್ನೆರಡು.”

ಎಡಗಡೆಯದು ಬೆವೆತಿತು, ಕುಸಿಯಿತು, ನೀರಾಯಿತು. ಬಲಗಡೆಯದು ಹೂಂ ಇಲ್ಲ, ಹಾಂ ಇಲ್ಲ. ಅವರು ಉರಿ ಹೆಚ್ಚಿಸಿದರು. ನೂರಾ ಇಪ್ಪತ್ತು. ನೂರಾ ಮೂವತ್ತು. ನೂರಾ ನಲವತ್ತು ದಾಟಿದ ಮೇಲೆ ಅದರ ಅಂಚು ಒಂದಿಷ್ಟು ಒದ್ದೆಯಾದಂತೆ ಕಂಡಿತು. ಪೂರ್ತಿ ಕರಗಲೇ ಇಲ್ಲ.

“ಬ್ಯಾರೆ,” ಎಂದು ಅವರು ಉರಿ ಆರಿಸಿದರು. “ಎರಡೂ ಬ್ಯಾರೆ ಬ್ಯಾರೆ ವಸ್ತು.”

ನಾನು ಸ್ಟೂಲು ಎಳೆದುಕೊಂಡು ಕೂತುಬಿಟ್ಟೆ. ಎಂಟು ದಿನದ ಹಿಂದೆ ಬ್ಯಾಡಗಿಯ ರೈತರ ಸೊಸೈಟಿ ಆಫೀಸಿನಲ್ಲಿ ಕಾರ್ಯದರ್ಶಿ ಭರಮಣ್ಣ ರೊಟ್ಟಿ ರಂಜಕ ಉಂಡು, ಮೈ ಸೆಟೆದು ಸತ್ತ. ಅದೇ ಸಂಜೆ ಗೋದಾಮು ನೋಡಿಕೊಳ್ಳುವ ಮಕ್ತುಮಸಾಬನ ಕೈಗೆ ಬೇಡಿ ಹಾಕಿದವನು ಇದೇ ನಾನು, ಹವಾಲ್ದಾರ ತಿರಕಪ್ಪ. ಸೋಮವಾರ ಪೊಲೀಸ್ ಕಸ್ಟಡಿ ಮುಗಿದು ಅವನನ್ನು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಅವನು ಧಾರವಾಡದ ಜೈಲು ಕಾಣುತ್ತಾನೆ, ಬಹುಶಃ ಮತ್ತೆ ಬ್ಯಾಡಗಿ ಕಾಣುವುದಿಲ್ಲ.

ಮಕ್ತುಮಸಾಬ ಮತ್ತು ನಾನು ಕರ್ಜಗಿಯ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಬೇಡಿ ಹಾಕುವಾಗ ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಎಂಟು ದಿನದಿಂದ ಅವನ ಬಾಯಿಂದ ಬಂದದ್ದು ಒಂದೇ ಮಾತು. “ಅಲ್ಲಾಗ ಗೊತ್ತು.” ಕೇಳಿ ಕೇಳಿ ನನ್ನ ತಲೆ ಕೆಟ್ಟು ಹೋಗಿತ್ತು.

ಅವನ ವಿರುದ್ಧ ಎಲ್ಲ ಕೂಡಿ ಬಂದಿತ್ತು ನೋಡಿ. ಸೊಸೈಟಿಯ ಪುಡಿ ಹಾಕಿದರೂ ಹುಳ ಸಾಯಲಿಲ್ಲ ಎಂದು ರೈತರು ಗದ್ದಲ ಎಬ್ಬಿಸಿದ್ದರು. “ನೀನ ಸುಣ್ಣ ಕಲಸೀದಿ” ಎಂದು ಭರಮಣ್ಣ ಹತ್ತು ಮಂದಿಯ ಮುಂದೆ ಮಕ್ತುಮಸಾಬನನ್ನು ಬೈದಿದ್ದ. ಅವತ್ತಿನಿಂದ ಇವನು ಅವನ ಜೊತೆ ಉಣ್ಣುವುದು ಬಿಟ್ಟ. ಮೊದಲೆಲ್ಲ ಇಬ್ಬರೂ ಆಫೀಸಿನ ಗೂಡಿನಲ್ಲಿಟ್ಟ ಒಂದೇ ಭರಣಿಯ ರಂಜಕ ಹಚ್ಚಿಕೊಂಡು ಉಣ್ಣುತ್ತಿದ್ದವರು. ಆ ಭರಣಿಯಲ್ಲೇ ವಿಷ ಸಿಕ್ಕಿತು. ಸರ್ಕಾರಿ ಪ್ರಯೋಗಾಲಯದವರು ಭರಣಿಯಲ್ಲಿದ್ದದ್ದೂ ಬಿ.ಎಚ್.ಸಿ., ಗೋದಾಮಿನದೂ ಬಿ.ಎಚ್.ಸಿ. ಎಂದು ಬರೆದು, ಉಳಿದದ್ದನ್ನು ಸೀಲು ಮಾಡಿ ವಾಪಸು ಕಳಿಸಿದರು. ನಮ್ಮ ಸಾಹೇಬರು ಕೈ ಝಾಡಿಸಿಕೊಂಡರು. ಕೇಸು ಮುಗಿಯಿತು.

ನನಗೆ ಮಾತ್ರ ಒಂದು ಮುಳ್ಳು ಉಳಿದಿತ್ತು. ಆ ಪುಡಿಯ ನಾತ ಗೊತ್ತಲ್ಲ? ಗೋದಾಮಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಗಂಟಲಿಗೆ ಹಿಡಿಯುತ್ತದೆ. ಭರಮಣ್ಣ ಅದನ್ನು ಹೇಗೆ ಉಂಡ?

“ಸುಗ್ಯಾಗ ಬ್ಯಾಡಗ್ಯಾವರಿಗೆ ಮೂಗು ಎಲ್ಲೈತಿ?” ಎಂದು ಪಂಚನಾಮೆಯ ದಿನ ನಾನೇ ಹೇಳಿದ್ದೆ. ಮೆಣಸಿನಕಾಯಿಯ ಘಾಟಿಗೆ ಊರಿಗೆ ಊರೇ ಸೀನುವ ಕಾಲ, ಯಾರ ಮೂಗಿಗೆ ಏನು ತಿಳಿದೀತು? ನಮ್ಮೂರಿನವರಲ್ಲದೆ ಬೇರೆ ಯಾರೂ ಇಂಥ ಮಾತು ಹೇಳಲಾರರು, ನಂಬಲಾರರು. ಎಲ್ಲರೂ ತಲೆ ಆಡಿಸಿದರು, ಸಾಹೇಬರು ಬರೆದುಕೊಂಡರು. ಆದರೆ ಭರಮಣ್ಣ ಒಂದು ಮುಷ್ಟಿ ಮೆಣಸಿನಕಾಯಿ ಮೂಸಿ, ಇದಕ್ಕೆ ನೀರು ಚಿಮುಕಿಸಿ ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದ ಮನುಷ್ಯ. ಅವನ ಮೂಗಿನ ಮೇಲೆ ಪೇಟೆಯೇ ನಂಬಿಕೆ ಇಟ್ಟಿತ್ತು. ಅದು ನನಗೆ ನೆನಪಾದದ್ದು ಬೇಡಿ ಹಾಕಿದ ಮೇಲೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಮೊನ್ನೆ ಗುರುವಾರ ಗೋದಾಮಿಗೆ ಸೀಲು ಹಾಕಲು ಹೋದೆ. ಚೀಲಗಳನ್ನು ಮಕ್ತುಮಸಾಬ ತನ್ನ ರೀತಿಯಲ್ಲಿ ಹೊಲಿದಿಟ್ಟಿದ್ದ. ಬಾಯಿಗೆ ಮೂರು ಸುತ್ತು ದಾರ, ಗಂಟು ಒಳಮುಖ, ಹೊರಗೆ ಕಾಣಲೇಬಾರದು. ಗಂಟು ಹೊರಗಿದ್ದರೆ ಹಮಾಲರ ಕೊಕ್ಕೆಗೆ ಸಿಕ್ಕು ಬಿಚ್ಚುತ್ತದೆ ಎಂಬುದು ಅವನ ಹಟ. ಒಂದು ಚೀಲ ಹರಿದು ಪುಡಿ ಚೆಲ್ಲಿತ್ತು. ಆಚೆ ಯಾರದೋ ಬೆಲ್ಲದ ಚೂರು ಬಿದ್ದಿತ್ತು. ಇರುವೆಗಳು ಸಾಲು ಹಿಡಿದು, ಆ ಪುಡಿಯ ಮೇಲೆಯೇ ನಡೆದು, ಬೆಲ್ಲ ಹೊತ್ತು ವಾಪಸು ಹೋಗುತ್ತಿದ್ದವು.

ನಾನು ಗಳಿಗೆ ಹೊತ್ತು ಬಗ್ಗಿ ನಿಂತು ನೋಡಿದೆ. ಒಂದೂ ಸಾಯಲಿಲ್ಲ.

ಆವತ್ತೇ ಭರಣಿಯ ಸೀಲು ಒಡೆದು, ಉಳಿದಿದ್ದ ಒಂದೇ ಚಮಚ ರಂಜಕ, ಒಂದು ಮುಷ್ಟಿ ಪುಡಿ ಕಟ್ಟಿಕೊಂಡು ಹಾವೇರಿಯ ಬಸ್ಸು ಹತ್ತಿದೆ. ಸಾಹೇಬರಿಗೆ ತಿಳಿದರೆ ನನ್ನ ನೌಕರಿ ಹೋಗುತ್ತದೆ. ಹೋದರೆ ಹೋಗಲಿ ಅಂದುಕೊಂಡೆ.

“ಅಕ್ಕಾರ,” ಎಂದೆ ಈಗ, “ಪ್ರಯೋಗಾಲಯದಾವ್ರು ಎರಡೂ ಒಂದ ಅಂತ ಬರದಾರಲ್ರಿ. ಅವರು ಸುಳ್ಳ ಏನು?”

“ಸುಳ್ಳಲ್ಲ. ಆರು ಇಂಗಾಲ, ಆರು ಹೈಡ್ರೋಜನ್, ಆರು ಕ್ಲೋರಿನ್. ಎಣಿಸಿದ್ರ ಎರಡರಾಗೂ ಅಷ್ಟ. ತೂಗಿದ್ರೂ ಅಷ್ಟ. ಅವರು ಎಣಿಸ್ಯಾರ, ಆಕಾರ ನೋಡಿಲ್ಲ.”

ಅವರು ಎದ್ದು ಗೋಡೆಯ ಕಪಾಟಿನ ಹತ್ತಿರ ಹೋದರು. ಕಬ್ಬಿಣದ ದೊಡ್ಡ ಕಪಾಟು. ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ ಮೊಳದುದ್ದ ಅಕ್ಷರ: ‘ಶ್ರೀ ಅಜ್ಜಪ್ಪ ಸಾವಕಾರರು, ರಾಣೇಬೆನ್ನೂರು, ಇವರ ದೇಣಿಗೆ’. ನಮ್ಮ ಕಡೆ ಇದೊಂದು ಚಾಳಿ. ಫ್ಯಾನು ಕೊಟ್ಟರೆ ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ತಿರುಗಿದರೆ ಓದಲಿಕ್ಕಾಗುವುದಿಲ್ಲವೆಂದು ಕರೆಂಟು ಹೋಗುವುದನ್ನು ಕಾಯುವ ದಾನಿಗಳನ್ನು ನಾನು ಕಂಡಿದ್ದೇನೆ. ಈ ಅಜ್ಜಪ್ಪ ಸಾವಕಾರನೇ ನಮ್ಮ ಸೊಸೈಟಿಗೆ ಬಿ.ಎಚ್.ಸಿ. ಪುಡಿ ಪೂರೈಸುವವನು. ಕಾಲೇಜಿನ ಆಡಳಿತ ಮಂಡಳಿಯಲ್ಲೂ ಒಂದು ಕುರ್ಚಿ ಇಟ್ಟುಕೊಂಡಿದ್ದ.

ಸುಶೀಲವ್ವ ಕೊರಳಲ್ಲಿದ್ದ ಕೀಲಿಕೈಯಿಂದ ಕಪಾಟು ತೆಗೆದು ಮೂರು ಆಟಿಗೆಗಳನ್ನು ಮೇಜಿನ ಮೇಲಿಟ್ಟರು. ಆಟಿಗೆ ಎಂದೇ ನನಗೆ ಅನಿಸಿತು. ಜೋಳದ ದಂಟಿನ ಬೆಂಡು, ದಂಟಿನದೇ ಸಿಬಿರು! ಕರ್ಜಗಿಯಲ್ಲಿ ನಾನೂ ಮಕ್ತುಮನೂ ಇದರಲ್ಲೇ ಚಕ್ಕಡಿ ಮಾಡಿ ಎಳೆದವರು. ಇಲ್ಲಿ ಚಕ್ಕಡಿಯಲ್ಲ, ಆರು ಬೆಂಡಿನ ತುಂಡುಗಳನ್ನು ಸಿಬಿರಿನಿಂದ ಬಳೆಯ ಹಾಗೆ ಜೋಡಿಸಿದ್ದರು. ಬಳೆ ಚಪ್ಪಟೆಯಾಗಿರಲಿಲ್ಲ. ಒಂದು ತುದಿ ಮೇಲೆ, ಒಂದು ತುದಿ ಕೆಳಗೆ, ಆರಾಮ ಕುರ್ಚಿಯ ಹಾಗೆ ಬಾಗಿತ್ತು. ಪ್ರತಿ ತುಂಡಿಗೂ ಕೆಂಪು ದಾರ ಸುತ್ತಿದ ಒಂದು ಗುಂಡು ಚುಚ್ಚಿತ್ತು.

“ಕೆಂಪಂದ್ರ ಕ್ಲೋರಿನ್,” ಎಂದರು. “ಇದರಾಗ ನೋಡ್ರಿ, ಆರೂ ಅಡ್ಡ ಮಲಗ್ಯಾವ. ಯಾರಿಗೆ ಯಾರೂ ತಾಗಂಗಿಲ್ಲ, ಆರಾಮ. ಇದು ಹುಳಕ್ಕ ಏನೂ ಮಾಡಂಗಿಲ್ಲ, ಮಣ್ಣಾಗ ಸುಮ್ಮನ ಬಿದ್ದಿರ್ತೈತಿ. ಇದರಾಗ ಎರಡು ನಿಂತಾವ, ನಾಕು ಮಲಗ್ಯಾವ. ಇದೂ ಅಷ್ಟಕ್ಕಷ್ಟ. ಈಗ ಇದನ್ನ ನೋಡ್ರಿ.”

ಮೂರನೆಯದನ್ನು ನನ್ನ ಅಂಗೈ ಮೇಲಿಟ್ಟರು.

“ಮೂರು ನಿಂತಾವ, ಮೂರು ಮಲಗ್ಯಾವ,” ಎಂದೆ.

“ಹುಳಾ ಕೊಲ್ಲೂದು ಇದೊಂದ. ಗ್ಯಾಮಾ ಅಂತೀವಿ. ಕಂಪನಿ ಪುಡಿಯೊಳಗ ನೂರಕ್ಕ ಹದಿಮೂರು ಹದಿನಾಕು ಪಾಲು ಇರ್ತೈತಿ. ಅದನ್ನ ಬ್ಯಾರೆ ತಗದು ಶುದ್ಧ ಮಾಡಿದ್ರ ವಾಸನಿ ಇರಂಗಿಲ್ಲ. ಭರಮಣ್ಣನ ರಂಜಕದಾಗ ಇದ್ದದ್ದು ಶುದ್ಧ ಗ್ಯಾಮಾ.”

“ಗೋದಾಮಿನ ಪುಡ್ಯಾಗ?”

“ಹುಡುಕಿದ್ರೂ ಸಿಗಲಿಲ್ಲ. ಯಾರೋ ಮೊದಲ ಗ್ಯಾಮಾ ಕಸಗೊಂಡು, ಉಳದ ಗಸಿ ಚೀಲಕ್ಕ ತುಂಬಿ ನಿಮ್ಮ ರೈತರಿಗೆ ಕೊಟ್ಟಾರ. ಮಕ್ತುಮಸಾಬ ಸುಣ್ಣಾ ಕಲಸಿಲ್ಲ. ಸುಣ್ಣಾ ಕಲಸೂ ಕಾರಣ ಇರಲಿಲ್ಲ, ಬರೂವಾಗನ ಸತ್ತ ಪುಡಿ ಅದು.”

ಅಲೆಲೆಲೆ! ಹುಳ ಸಾಯಲಿಲ್ಲವೆಂದು ಒಬ್ಬ ಬೈಸಿಕೊಂಡ, ಆಮೇಲೆ ಅದೇ ಪುಡಿಯಿಂದ ಮನುಷ್ಯನನ್ನು ಕೊಂದನೆಂದು ಬೇಡಿ ಹಾಕಿಸಿಕೊಂಡ. ಎರಡೂ ಒಟ್ಟಿಗೆ ಹೇಗೆ ಖರೇ ಆದೀತು ಎಂದು ನಮ್ಮ ಠಾಣೆಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲವಲ್ಲ! ನನಗೂ ಹೊಳೆಯಲಿಲ್ಲ.

ಆದರೂ ಪೊಲೀಸನ ಬುದ್ಧಿ. ಸಾಹೇಬರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. “ಅಕ್ಕಾರ, ರಂಜಕಕ್ಕ ಕಾದ ಎಣ್ಣಿ ಹಾಕ್ತಾರ. ಆ ಕಾವಿಗೆ ಮಲಗಿದ್ದು ಎದ್ದು ನಿಂತು, ಇದು ಅದಾಗೂದಿಲ್ಲೇನ್ರಿ?”

ಅವರು ಮೊದಲ ಸಲ ನಕ್ಕರು. “ನನ್ನ ವಿದ್ಯಾರ್ಥಿಗಳಿಗಿಂತ ಛಲೋ ಕೇಳಿದ್ರಿ.”

ನನ್ನ ಅಂಗೈ ಮೇಲಿದ್ದುದನ್ನು ತೆಗೆದುಕೊಂಡು ಕುರ್ಚಿಯ ತಲೆಯನ್ನು ಕೆಳಗೆ ಒತ್ತಿದರು, ಕಾಲನ್ನು ಮೇಲೆ ಎತ್ತಿದರು. ಲಟಕ್ಕೆಂದು ಅದು ಮಗುಚಿತು. ನಿಂತ ಕೆಂಪು ಮಲಗಿದವು, ಮಲಗಿದವು ನಿಂತವು.

“ಎಣಿಸ್ರಿ.”

ಎಣಿಸಿದೆ. ಮತ್ತೆ ಮೂರು ನಿಂತಿದ್ದವು, ಮೂರು ಮಲಗಿದ್ದವು.

ಆರೂ ಮಲಗಿದ್ದನ್ನು ಮಗುಚಿದರು. ಆರೂ ಎದ್ದು ನಿಂತವು, ಒಂದನ್ನೊಂದು ಒತ್ತಿಕೊಂಡು. ಕೈ ಬಿಟ್ಟ ಕೂಡಲೇ ಅದು ತಿರುಗಿ ಮಲಗಿಬಿಟ್ಟಿತು.

“ಇದು ಬರೇ ಕುಂದ್ರೂ ಭಂಗಿ ಹವಾಲ್ದಾರ್ರ. ನೀವು ಪಟ್ಟಾ ಹೊಡದು ಕುಂತ್ರೂ ತಿರಕಪ್ಪನ, ಕಾಲು ಚಾಚಿದ್ರೂ ತಿರಕಪ್ಪನ. ಇದು ಅದಾಗಬೇಕಂದ್ರ ಸಿಬಿರು ಕಿತ್ತು ಬ್ಯಾರೆ ಕಡೆ ಚುಚ್ಚಬೇಕು. ಒಗ್ಗರಣಿ ಕಾವಿಗೆ ಅದು ಆಗೂ ಮಾತಲ್ಲ.”

“ಕೋರ್ಟಿನ್ಯಾಗ ಹೇಳ್ತೀರಿ?”

“ಹೇಳ್ತೇನಿ. ಗುರುತು ಹಿಡಿಯಾಕ ನನ್ನ ಹತ್ರ ಶುದ್ಧ ಗ್ಯಾಮಾದ ಶೀಶೆ ಐತಿ. ನಿನ್ನೆ ಅದರ ಜೋಡಿ ಕಲಸಿ ಕರಗಿಸಿ ನೋಡೇನಿ. ಬ್ಯಾರೆ ವಸ್ತು ಆಗಿದ್ರ ನೂರಾ ಹನ್ನೆರಡಕ್ಕಿಂತ ಮೊದಲ ಕರಗತಿತ್ತು. ಕರಗಲಿಲ್ಲ.”

ಕಪಾಟಿನಿಂದ ಒಂದು ಕಂದು ಶೀಶೆ ತೆಗೆದು ಚೀಲಕ್ಕೆ ಹಾಕಿಕೊಂಡ ರೀತಿ ನನಗೆ ಸರಿ ಕಾಣಲಿಲ್ಲ. ಮುಷ್ಟಿಯಲ್ಲಿ ಮುಚ್ಚಿ ಹಿಡಿದಿದ್ದರು. ನಾನು ಕೈ ಚಾಚಿದೆ, ಕೊಡಲಿಲ್ಲ. ಪುಡಿ ಒಂದು ಸಲ ಮುಟ್ಟಿದರೆ ಮೂರು ಸಲ ಕೈ ತೊಳೆಯುವ ಹೆಂಗಸು, ಜಾಗರೂಕತೆ ಇರಬಹುದು ಎಂದುಕೊಂಡೆ. ಆದರೂ ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡೆ.

“ಈ ಬೆಂಡಿನ ಕೆಲಸಾ ಯಾರದು?” ಎಂದು ಕೇಳಿದೆ.

“ನಮ್ಮ ಹುಡುಗಿಯೊಬ್ಬಾಕಿದು,” ಎಂದರು, ಬೇರೆ ಕಡೆ ನೋಡುತ್ತ. “ನಡೀರಿ, ಬಸ್ಸು ತಪ್ತೈತಿ.”

ಬ್ಯಾಡಗಿಯಲ್ಲಿ ಇಳಿದಾಗ ನಾಲ್ಕು ಗಂಟೆ. ಸಾಹೇಬರು ಮೋಟೆಬೆನ್ನೂರಿಗೆ ಹೋಗಿದ್ದರು. ಠಾಣೆಯಲ್ಲಿದ್ದ ಒಬ್ಬನೇ ಪೇದೆ ನನ್ನನ್ನು ಕಂಡು ಉಣ್ಣಲು ಎದ್ದು ಹೋದ. ಕೂರುವ ಕಟ್ಟಿಗೆಯ ಬಾಂಕಿನ ಮೇಲೆ ಒಬ್ಬ ಮನುಷ್ಯ ಮಾತ್ರ ಚಹಾ ಕುಡಿಯುತ್ತ ಕೂತಿದ್ದ. ಬಿಳಿ ಧೋತರ, ಕರಿ ಟೊಪ್ಪಿಗೆ, ಪಕ್ಕದಲ್ಲಿ ಒಂದು ಸಣ್ಣ ಪುಡಿಯ ಗಂಟು.

“ಬರ್ರಿ ಬರ್ರಿ ತಿರಕಪ್ಪ,” ಎಂದ ಅಜ್ಜಪ್ಪ ಸಾವಕಾರ, ಠಾಣೆ ತನ್ನದೇ ಎಂಬಂತೆ. “ಅಕ್ಕಾರೂ ಬಂದಾರ. ನಮಸ್ಕಾರ್ರಿ. ನಮ್ಮ ಮಾಲಿನ ಮ್ಯಾಲ ಏನೋ ಅನುಮಾನ ಅಂತ ಕಿವಿಗೆ ಬಿತ್ತು. ಅದಕ್ಕ ನಾನ ತಗೊಂಡ ಬಂದೆ.”

ಯಾರ ಬಾಯಿಂದ ಬಿತ್ತು? ನಾನು ಹೆಂಡತಿಯ ಮುಂದೆ ಕೂಡ ಉಸಿರು ಬಿಟ್ಟಿರಲಿಲ್ಲ.

“ಅನುಮಾನ ಏನಿಲ್ರಿ ಸಾವಕಾರ್ರ,” ಎಂದೆ. “ಇರುವಿ ಅಡ್ಡಾಡಾಕತ್ತಿದ್ವು ಅಷ್ಟ.”

“ಇರುವಿ!” ಅವನು ನಕ್ಕ. ಗಂಟು ಬಿಚ್ಚಿದ. ತೋರು ಬೆರಳನ್ನು ಪುಡಿಯಲ್ಲಿ ಅದ್ದಿ, ನನ್ನ ಕಣ್ಣಿಗೆ ಕಣ್ಣಿಟ್ಟು, ನಾಲಿಗೆಯ ಮೇಲೆ ಸವರಿಕೊಂಡ. “ನೋಡ್ರಿ. ಏನಾತು? ಚಿಮಟಿ ಪುಡಿಗೆ ಯಾರೂ ಸಾಯಂಗಿಲ್ಲ. ಮಕ್ತುಮ ಬೊಗಸಿಗಟ್ಟಲೆ ಸುರುವ್ಯಾನ. ಪಾಪ, ಬಡವಾ, ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟಾ.”

ಚಹಾದಿಂದ ಬಾಯಿ ಮುಕ್ಕಳಿಸಿ ನುಂಗಿದ. ಸುಶೀಲವ್ವ ಅವನ ಬೆರಳನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಮೂವತ್ತು ವರ್ಷ ವಿಷ ಮಾರಿದವನು ತನ್ನ ವಿಷವನ್ನು ತಾನೇ ನೆಕ್ಕಬೇಕಾದರೆ ಒಂದೋ ಹುಚ್ಚನಾಗಿರಬೇಕು, ಇಲ್ಲವೇ ಅದರಲ್ಲಿ ವಿಷವಿಲ್ಲವೆಂದು ಮೊದಲೇ ಗೊತ್ತಿರಬೇಕು. ಅಜ್ಜಪ್ಪ ಸಾವಕಾರನನ್ನು ಹುಚ್ಚ ಎಂದವರನ್ನು ನಾನು ಕಂಡಿಲ್ಲ.

ಇರು ಮಗನೇ, ಎಂದುಕೊಂಡೆ. ಮೊದಲು ಮಕ್ತುಮನಿಗೆ ಹೇಳಿ ಬರುತ್ತೇನೆ, ಆಮೇಲೆ ನಿನ್ನ ಸರದಿ.

“ಅಕ್ಕಾರ, ಚೀಲ ಈ ಮೇಜಿನ ಮ್ಯಾಲ ಇಡ್ರಿ. ಲಾಕಪ್ಪಿನೊಳಗ ಚೀಲ ಒಯ್ಯಂಗಿಲ್ಲ, ರೂಲು ಐತಿ.”

ಅವರು ಹಿಂದೆಮುಂದೆ ನೋಡಿದರು. ಚೀಲದಲ್ಲಿ ನಳಿಗೆಗಳು, ಹರಳು, ಕಂದು ಶೀಶೆ, ಎರಡು ದಿನ ಬರೆದ ನೋಟುಬುಕ್ಕು ಎಲ್ಲ ಇದ್ದವು. ನಾನು ಇನ್ನೊಮ್ಮೆ ರೂಲು ಎಂದೆ. ಮೂರು ನಿಂತ, ಮೂರು ಮಲಗಿದ ಬೆಂಡಿನ ಮಾದರಿಯೊಂದನ್ನೇ ಕೈಯಲ್ಲಿ ಹಿಡಿದು ಒಳಗೆ ಬಂದರು.

ಮಕ್ತುಮಸಾಬ ಗೋಡೆಗೆ ಒರಗಿ ಕೂತಿದ್ದ. ಎಂಟು ದಿನದಲ್ಲಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸುಶೀಲವ್ವರನ್ನು ಕಂಡು ಎದ್ದು ನಿಂತ.

“ಲೇ ಮಕ್ತುಮಾ, ಪಾರಾದಿ!” ಎಂದೆ. “ನಿನ್ನ ಪುಡಿಯಿಂದ ಭರಮಣ್ಣ ಸತ್ತಿಲ್ಲ. ಅಕ್ಕಾರು ಕಾಸಿ ಕರಗಿಸಿ ತೋರಿಸ್ಯಾರ. ಸೋಮವಾರ ಕೋರ್ಟಿನ್ಯಾಗ ನಾನ ನಿಂತು ಹೇಳ್ತೇನಿ, ತಪ್ಪು ನನ್ನದು ಅಂತ.”

ಅವನು ಸರಳು ಹಿಡಿದುಕೊಂಡ. ಕಣ್ಣು ತುಂಬಿದವು. “ಖರೇನ?”

“ಖರೇರಿ,” ಎಂದು ಸುಶೀಲವ್ವ ಮಾದರಿಯನ್ನು ಸರಳಿನ ನಡುವಿಂದ ಕೊಟ್ಟರು. “ಸತ್ತದ್ದು ಈ ಆಕಾರದ ವಿಷದಿಂದ. ನಿಮ್ಮ ಗೋದಾಮಿನ್ಯಾಗ ಇದು ಇಲ್ಲ.”

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕ. “ಬೆಂಡಿನ ಚಕ್ಕಡಿ, ತಿರಕಾ.” ಎಂಟು ದಿನದಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದ. ಹಾಗೇ ಮಗುಚಿ ನೋಡಿದ. ಕೆಂಪು ಗುಂಡೊಂದನ್ನು ಹೆಬ್ಬೆರಳಿನಿಂದ ತಿರುಗಿಸಿದ. ನಗು ನಿಂತಿತು.

ನಾನೂ ಬಗ್ಗಿ ನೋಡಿದೆ. ಮೂರು ಸುತ್ತು ದಾರ. ಗಂಟು ಒಳಮುಖ.

“ಅಕ್ಕಾರ,” ಎಂದ ನಿಧಾನಕ್ಕೆ, “ಇದನ್ನ ನಮ್ಮ ಮೈಮುನಾ ಮಾಡಿದ್ಲೇನ್ರಿ?”

ಮೈಮುನಾಬಿ ಅವನ ಒಬ್ಬಳೇ ಮಗಳು. ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಎಂಟು ದಿನದಿಂದ ಅವನಿಗೆ ಬುತ್ತಿ ತರುತ್ತಿದ್ದವಳೂ ಅವಳೇ.

“ಹೌದ್ರಿ. ಇಡೀ ಕ್ಲಾಸಿನ್ಯಾಗ ಆಕಿಗೆ ತಿಳದಷ್ಟು ಯಾರಿಗೂ ತಿಳದಿಲ್ಲ.”

“ಈ ಶುದ್ಧ ವಿಷಾ, ಈ ಸುತ್ತಿನ್ಯಾಗ ಎಲ್ಲಿ ಸಿಗತೈತ್ರಿ?”

ಸುಶೀಲವ್ವ ಸರಳಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. “ನನಗ ಗೊತ್ತಿದ್ದಂಗ, ನಮ್ಮ ಲ್ಯಾಬಿನ್ಯಾಗ ಒಂದ.”

ಅವನು ಮಾದರಿಯನ್ನು ತಿರುಗಿ ನನ್ನ ಕೈಗೆ ಕೊಟ್ಟ. ಅಂಗಿಯಿಂದ ಕಣ್ಣೊರೆಸಿಕೊಂಡ. ಗೋದಾಮಿನ ಚೀಲ ಎಣಿಸಿ ಹೇಳುವ ದನಿಯಲ್ಲಿ ಹೇಳಿದ:

“ಹವಾಲ್ದಾರ್ರ, ಬರಕೋರ್ರಿ. ಭರಮಣ್ಣಗ ವಿಷಾ ಹಾಕಿದಾಂವ ನಾನು.”

ನನ್ನ ನೆತ್ತಿಗೆ ರಕ್ತ ಏರಿತು. “ಏನ ಮಾತಾಡಾಕತ್ತೀಲೇ? ಏನು ಹಾಕಿದಿ?”

“ಗೋದಾಮಿನ ಪುಡಿ.”

“ಅದರಾಗ ಇರುವಿ ಸಾಯಂಗಿಲ್ಲ!”

“ಹಂಗಾದ್ರ ಹರಳು ಹಾಕೇನಿ.”

“ಎಲ್ಲಿಂದ ತಂದಿ?”

“ಅಕ್ಕಾರ ಕಪಾಟಿನ್ಯಾಗ ಕಂದು ಶೀಶೆ ಐತೆಲ್ಲ, ಅದರಾಗಿಂದು.”

ನಾನು ಸುಶೀಲವ್ವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಕಪಾಟು ಎಂದು ನಾವು ಹೇಳಿರಲಿಲ್ಲ. ಕಂದು ಶೀಶೆ ಎಂದೂ ಹೇಳಿರಲಿಲ್ಲ. ಯಾರು ಹೇಳಿದ್ದರೆಂದು ಮೂವರಿಗೂ ಗೊತ್ತಿತ್ತು.

“ನೀ ಹಾವೇರಿ ಕಾಲೇಜಿನ ಮೆಟ್ಟಿಲಾ ಎಂದಾದ್ರೂ ಹತ್ತೀಯೇನು? ಸುಳ್ಳು ಬೊಗಳಬ್ಯಾಡ!”

“ಖರೇ ಹೇಳಾಕತ್ತೇನಿ.”

ಇಲ್ಲಿ ನಾನು ಮಾಡಿದ್ದನ್ನು ಬಚ್ಚಿಡುವುದಿಲ್ಲ. ಸಿಟ್ಟು ಬಂದರೆ ನನಗೆ ಹಿಂದು ಮುಂದು ಕಾಣುವುದಿಲ್ಲ. ಜೇಬಿನಿಂದ ಕಾಗದ, ಪೆನ್ನು ಕಿತ್ತು ಸರಳಿನೊಳಗೆ ಎಸೆದೆ. “ಖರೇ ಇದ್ರ ಬರದು ಸಹಿ ಮಾಡು ನೋಡೋಣು! ಧೈರ್ಯ ಐತೇನು?”

ಮಾಡುವುದಿಲ್ಲ ಎಂದುಕೊಂಡಿದ್ದೆ. ಅವನು ನೆಲಕ್ಕೆ ಕೂತು, ಸಾಲೆಯಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಎರಡು ಸಾಲು ಬರೆದ. ಕೆಳಗೆ ಸಹಿ, ತಾರೀಖು. “ಪೊಲೀಸರ ಮುಂದ ಹೇಳಿದ್ದು ನಡೆಯಂಗಿಲ್ಲ ಅಂತ ನನಗೂ ಗೊತ್ತೈತಿ. ಸೋಮವಾರ ಮ್ಯಾಜಿಸ್ಟ್ರೇಟ್ ಸಾಹೇಬ್ರ ಮುಂದ ಇದನ್ನ ಹೇಳ್ತೇನಿ,” ಎಂದ.

ನಾನು ಆ ಕಾಗದ ಕಸಿದುಕೊಂಡು ಹೊರಗಿನ ಕೋಣೆಗೆ ಹೋಗಿ ಮುದ್ದೆ ಮಾಡಿ ಮೇಜಿನ ಮೇಲೆ ಒಗೆದೆ. ಅಜ್ಜಪ್ಪ ಸಾವಕಾರ ಚಹಾದ ಬಟ್ಟಲಿನ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಚೀಲ ಇಟ್ಟಲ್ಲೇ ಇತ್ತು. ಬಾಗಿಲಲ್ಲಿ ಬುತ್ತಿಯ ಗಂಟು ಹಿಡಿದು ಮೈಮುನಾಬಿ ನಿಂತಿದ್ದಳು. ಮುಖ ನೋಡಿದರೆ ತಿಳಿಯುತ್ತಿತ್ತು, ಒಳಗಿನ ಕೂಗಾಟವನ್ನೆಲ್ಲ ಕೇಳಿದ್ದಾಳೆ.

“ಬಾ ಒಳಗ,” ಎಂದು ಅವಳ ರಟ್ಟೆ ಹಿಡಿದು ಕರೆದೊಯ್ದೆ. “ನಿಮ್ಮಪ್ಪ ನಿನ್ನ ಸಲುವಾಗಿ ಜೈಲಿಗೆ ಹೊಂಟಾನ. ಹೇಳು, ಏನು ಮಾಡೀದಿ?”

ಮಕ್ತುಮಸಾಬ ಸರಳು ಅಲುಗಾಡಿಸಿದ. “ಆಕಿನ್ನ ಕಳಸ್ರಿ ಹೊರಗ! ಆಕಿಗೇನೂ ಗೊತ್ತಿಲ್ಲ! ತಿರಕಾ, ನಿನ್ನ ಕಾಲು ಬೀಳ್ತೇನಿ!”

“ಅಬ್ಬಾ, ಸುಮ್ನಿರ್ರಿ.” ಅಪ್ಪನತ್ತ ತಿರುಗಿದ ಹುಡುಗಿ ಅಳುತ್ತಿರಲಿಲ್ಲ. “ಶೀಶೆಯಿಂದ ನಾ ತಂದದ್ದು ಖರೇ. ಹೋದ ವಾರದ ಬುಧವಾರ ಪ್ರಾಕ್ಟಿಕಲ್‌ನಾಗ, ಅಕ್ಕಾರು ಅತ್ತ ಹೊಳ್ಳಿದಾಗ, ಬೆಂಕಿಕಡ್ಡಿ ತುದಿ ಅಷ್ಟ ಕಾಗದಕ್ಕ ಹಾಕ್ಕೊಂಡೆ. ಭರಮಣ್ಣ ಕಾಕಾನ ಕೇಳಿದ್ರು.”

“ಭರಮಣ್ಣನ?”

“ಅಬ್ಬಾ ಸುಣ್ಣಾ ಕಲಸಿಲ್ಲ ಅಂತ ಹೇಳಾಕ ಹೋಗಿದ್ದೆ. ಖರೇ ಪುಡಿ ಹೆಂಗಿರತೈತಿ ತೋರಸು ಅಂದ್ರು. ಅವತ್ತ ಅವರ ಮುಂದನ ಇರುವಿ ಮ್ಯಾಲ ಉದುರಿಸಿದೆ. ತಗೊಂಡ ಬಂದದ್ದೆಲ್ಲಾ ಅಲ್ಲೇ ಖರ್ಚಾತು. ಇರುವಿ ಸತ್ತವು. ಕಾಕಾ ಕಣ್ಣಾಗ ನೀರು ತಂದ್ರು. ನಾ ಮಕ್ತುಮಗ ಅನ್ಯಾಯ ಮಾಡಿದೆ, ಇವತ್ತ ಸಂಜಿಕೆ ಅಜ್ಜಪ್ಪ ಸಾವಕಾರನ್ನ ಕರಸಿ ಮಾರಿಮ್ಯಾಲ ಕೇಳ್ತೇನಿ, ಕಾಲೇಜಿನ ಕಪಾಟಿನ್ಯಾಗ ಖರೇ ಮಾಲಿನ ಶೀಶೆ ಐತಿ ಅಂತ ಹೇಳ್ತೇನಿ ಅಂದ್ರು. ಶುಕ್ರವಾರ ಹೋಗೇ ಬಿಟ್ರು. ಅಬ್ಬಾಗ ಇದನ್ನೆಲ್ಲಾ ಹೇಳಿದೆ. ಅವರು ಅಂಜಿ, ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿದ್ರು.”

“ಬೆಂಕಿಕಡ್ಡಿ ತುದಿ ಅಷ್ಟ?” ಸುಶೀಲವ್ವ ಅವಳ ಗಲ್ಲ ಹಿಡಿದು ಮುಖ ಎತ್ತಿದರು. “ನನ್ನ ಮುಂದ ಸುಳ್ಳು ಹೇಳಬ್ಯಾಡ ತಂಗಿ.”

“ಅಷ್ಟರಿ ಅಕ್ಕಾರ. ಶೀಶೆ ತುಂಬಿತ್ತು.”

“ಈಗ ಅರ್ಧಕ್ಕಿಂತ ಕೆಳಗ ಐತಿ.” ಅವರು ಅವಳ ಗಲ್ಲ ಬಿಟ್ಟರು. “ನಿನ್ನೆ ನೋಡೇನಿ. ನೀನ ತಗದೀದಿ ಅಂತ ತಿಳದು ಇವರಿಗೂ ತೋರಸಲಿಲ್ಲ. ಯಾವ ಬಾಯಿಲೆ ಹೇಳಲಿ ಅಂತ ನಿನ್ನಿಯಿಂದ ಸಾಯಾಕತ್ತೇನಿ.”

ಆಗ ನನಗೆ ತಿಳಿಯಿತು. ಆ ಮುಷ್ಟಿ ಏನನ್ನು ಮುಚ್ಚಿತ್ತು ಎಂದು. ಅಪ್ಪ ಮಗಳನ್ನು ಮುಚ್ಚಿಟ್ಟ, ಗುರು ಶಿಷ್ಯೆಯನ್ನು ಮುಚ್ಚಿಟ್ಟಳು. ನಡುವೆ ಕೊಂದವನು ಆರಾಮಾಗಿ ಕೂತ.

“ಕಪಾಟಿನ ಕೀಲಿಕೈ?” ಎಂದೆ.

“ನನ್ನ ಕೊರಳಾಗ ಐತಿ. ಮಲಗೂವಾಗೂ ತಗಿಯಂಗಿಲ್ಲ.”

“ಕಪಾಟಿಗೆ ಎರಡು ಕೀಲಿಕೈ ಬರತಾವ್ರಿ ಅಕ್ಕಾರ. ಇನ್ನೊಂದು?”

“ಸನ್ಮಾನದ ದಿವಸ ಸಾವಕಾರ್ರು ಹಾರ ಹಾಕಿಸ್ಕೊಂಡು ಒಂದ ಕೊಟ್ರು. ಇನ್ನೊಂದನ್ನ ನಾವು ಕೇಳಲಿಲ್ಲ. ಅಷ್ಟ ದೊಡ್ಡ ದೇಣಿಗಿ ಕೊಟ್ಟಾರನ್ನ ಹೆಂಗ ಕೇಳೂದು?” ಸುಶೀಲವ್ವರ ಕೈ ತಾನಾಗಿ ಕೊರಳಿನ ದಾರಕ್ಕೆ ಹೋಯಿತು. “ಭರಮಣ್ಣ ಹೋಗೂ ಹಿಂದಿನ ದಿವಸ, ಗುರುವಾರ, ಆಡಳಿತ ಮಂಡಳಿ ಸಭಾ ಇತ್ತು. ಅವರು ಬಂದಿದ್ರು.”

ನಾನು ಓಡಿದೆ. ಐವತ್ತೆರಡು ವರ್ಷದ ಹೊಟ್ಟೆ ಹೊತ್ತು ಹತ್ತು ಹೆಜ್ಜೆ ಓಡಿದೆ.

ಬಾಂಕು ಖಾಲಿ ಇತ್ತು. ಚಹಾದ ಬಟ್ಟಲು ಇನ್ನೂ ತುಸು ಬೆಚ್ಚಗಿತ್ತು. ಸುಶೀಲವ್ವರ ಚೀಲ ಇರಲಿಲ್ಲ. ಹರಳು, ನಳಿಗೆ, ಶೀಶೆ, ನೋಟುಬುಕ್ಕು, ಮಕ್ತುಮಸಾಬನನ್ನು ಉಳಿಸಬಹುದಾಗಿದ್ದ ಎಲ್ಲವೂ ನನ್ನ ರೂಲಿನ ಕೃಪೆಯಿಂದ ಬಾಗಿಲು ದಾಟಿ ಹೋಗಿದ್ದವು. ಹೊರಗೆ ಸಾಹೇಬರ ಜೀಪು ಬಂದು ನಿಂತ ಸದ್ದು ಕೇಳಿಸಿತು.

ಮೇಜಿನ ಮೇಲೆ ಉಳಿದದ್ದು ಮಕ್ತುಮಸಾಬ ಸಹಿ ಮಾಡಿದ ಕಾಗದ ಒಂದೇ. ನಾನು ಮುದ್ದೆ ಮಾಡಿ ಒಗೆದಿದ್ದನ್ನು ಯಾರೋ ನೀಟಾಗಿ ಬಿಡಿಸಿ, ಗಾಳಿಗೆ ಹಾರಬಾರದೆಂದು ಅದರ ಮೇಲೆ ಗಾಜಿನ ಗುಂಡು ಇಟ್ಟು ಹೋಗಿದ್ದರು.